ಕಾಡ್ಗಿಚ್ಚಿನ ಹೊಗೆ ಎಲ್ಲಿಗೆ ಹೋಗುತ್ತದೆ? ಜೈವಿಕ ರಾಶಿಯ ದಹನ, ವಾತಾವರಣ ಮತ್ತು ವಾಯುಗುಣ

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂಬುದು ನಮ್ಮ ಹಿರಿಯರ ಮಾತು. ಚಳಿ ಸರಿದ ಆ ದಿನಗಳಿಂದ ಮುಂಗಾರಿನ ಮೊದಲ ಹನಿ ಬೀಳುವವರೆಗೆ ವಯನಾಡು, ನೀಲಗಿರಿ, ತಾಳವಾಡಿಗಳ ಎಲೆಯುದುರುವ ಕಾಡುಗಳಲ್ಲಿ ತರಗೆಲೆ ಒಣಗಿ ಹಾಸಿಕೊಂಡಿರುತ್ತದೆ. ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಸೊಲ್ಲಾಪುರದ ಕಡೆ ಕಬ್ಬು ಕಡಿದ ಹೊಲದಲ್ಲಿ ಉಳಿದ ರವದಿಗೂ, ಆದವಾನಿ ಮತ್ತು ರಾಯದುರ್ಗಗಳ ಕಡೆ ಕಿತ್ತು ಒಟ್ಟಿದ ಹತ್ತಿಕಟ್ಟಿಗೆಗೂ ಬೆಂಕಿ ಇಡುವುದುಂಟು. ಇವೆಲ್ಲಕ್ಕಿಂತ ಸಣ್ಣದಾಗಿ, ಆದರೆ ವರ್ಷವಿಡೀ ಉರಿಯುವುದು ಅಡುಗೆಮನೆಯ ಸೌದೆ ಒಲೆ.

ಕಾಡಿನಂಚಿನ ನಮ್ಮ ಶಾಲೆಯೊಂದರಲ್ಲಿ, ಎದುರಿನ ಗುಡ್ಡದ ಬೆಂಕಿ ಆರಿದ ಮರುದಿನ, ಏಳನೆಯ ತರಗತಿಯ ಬಾಲಕಿಯೊಬ್ಬಳು ಎದ್ದುನಿಂತು ಕೇಳಿದಳು: "ಟೀಚರ್, ಬೆಂಕಿ ಆರಿತು. ಹೊಗೆ ಎಲ್ಲಿಗೆ ಹೋಯಿತು?" ಪಠ್ಯಪುಸ್ತಕದಲ್ಲಿ ಕಾಡ್ಗಿಚ್ಚಿನ ಕುರಿತು ಎರಡು ಸಾಲುಗಳಿದ್ದವು. ಮರಗಳು ನಾಶವಾಗುತ್ತವೆ, ಪ್ರಾಣಿಗಳು ಸಾಯುತ್ತವೆ ಎಂದು ಅವು ಹೇಳುತ್ತಿದ್ದವು. ಹೊಗೆಯ ಮಾತೇ ಅಲ್ಲಿರಲಿಲ್ಲ. ಗಡಿಯಾಚೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂತಹ ಪ್ರಶ್ನೆಗಳಿಗೆ ತಮ್ಮ ಭಾಷೆಯಲ್ಲಿ ಪೂರಕ ಓದು ಸುಲಭವಾಗಿ ದೊರೆಯುವುದಿಲ್ಲ. ಆ ಬಾಲಕಿಯ ಪ್ರಶ್ನೆಗೆ ಅಂದು ನಾವು ಕೊಟ್ಟ ಉತ್ತರ ಅಪೂರ್ಣವಾಗಿತ್ತು. ಅದನ್ನು ಇಲ್ಲಿ ಪೂರ್ಣಗೊಳಿಸಲು ಯತ್ನಿಸಿದ್ದೇವೆ. ಪೋಷಕರು ಮಕ್ಕಳೊಡನೆ ಕುಳಿತು ಓದಬೇಕೆಂಬುದು ನಮ್ಮ ಅಪೇಕ್ಷೆ.

ಸುಡುವುದೆಂದರೇನು?

ಮರ, ಹುಲ್ಲು, ತರಗೆಲೆ, ಬೆಳೆಯ ಉಳಿಕೆ, ಸಗಣಿಯ ಬೆರಣಿ ಇವೆಲ್ಲವನ್ನೂ ಒಟ್ಟಾಗಿ ಜೈವಿಕ ರಾಶಿ ಎನ್ನುತ್ತಾರೆ. ಗಿಡವು ಬಿಸಿಲಿನ ಶಕ್ತಿಯಿಂದ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನೂ ನೆಲದ ನೀರನ್ನೂ ಸೇರಿಸಿ ತನ್ನ ದೇಹವನ್ನು ಕಟ್ಟಿಕೊಳ್ಳುತ್ತದೆ. ಇದೇ ದ್ಯುತಿಸಂಶ್ಲೇಷಣೆ. ಬೆಂಕಿ ಇದರ ವಿಲೋಮ ಕ್ರಿಯೆ: ಗಿಡವು ವರ್ಷಗಟ್ಟಲೆ ಕೂಡಿಟ್ಟ ಇಂಗಾಲವು ಗಾಳಿಯ ಆಮ್ಲಜನಕದೊಡನೆ ಸೇರಿ ಕೆಲವೇ ನಿಮಿಷಗಳಲ್ಲಿ ಮರಳಿ ಗಾಳಿಯ ಪಾಲಾಗುತ್ತದೆ.

ಇದರ ಲೆಕ್ಕವನ್ನು ಮಕ್ಕಳೇ ಮಾಡಬಹುದು. ಒಣಗಿದ ಜೈವಿಕ ರಾಶಿಯ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲವಿರುತ್ತದೆ. 1 ಕಿಲೋ ತರಗೆಲೆಯಲ್ಲಿ 450 ಗ್ರಾಂ ಎಂದಿಟ್ಟುಕೊಳ್ಳೋಣ. ಇಂಗಾಲದ ಪರಮಾಣು ತೂಕ 12, ಆಮ್ಲಜನಕದ್ದು 16. ಒಂದು ಇಂಗಾಲಕ್ಕೆ ಎರಡು ಆಮ್ಲಜನಕ ಸೇರಿದಾಗ ಒಟ್ಟು 44. ಆದ್ದರಿಂದ 12 ಗ್ರಾಂ ಇಂಗಾಲ ಉರಿದರೆ 44 ಗ್ರಾಂ ಇಂಗಾಲದ ಡೈಆಕ್ಸೈಡ್. 450 ಗ್ರಾಂ ಉರಿದರೆ 1,650 ಗ್ರಾಂ. ಅಂದರೆ 1 ಕಿಲೋ ತರಗೆಲೆ ಪೂರ್ತಿಯಾಗಿ ಉರಿದಾಗ ಅದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು ತೂಕದ ಅನಿಲ ಹೊರಬೀಳುತ್ತದೆ. ಹಿಡಿಯಷ್ಟು ಬೂದಿ ಉಳಿದುದನ್ನು ಕಂಡು ಉಳಿದದ್ದು ಇಲ್ಲವಾಯಿತೆಂದು ನಾವು ಭಾವಿಸುತ್ತೇವೆ. ವಸ್ತುವಿನ ನಾಶವೆಂಬುದಿಲ್ಲ, ಅದು ಕಣ್ಣಿಗೆ ಕಾಣದ ರೂಪಕ್ಕೆ ಬದಲಾಯಿತಷ್ಟೆ.

ಆದರೆ ಕಾಡಿನ ಬೆಂಕಿಯಾಗಲಿ ಒಲೆಯ ಬೆಂಕಿಯಾಗಲಿ ಪೂರ್ತಿಯಾಗಿ ಉರಿಯುವುದು ಅಪರೂಪ. ಬೆಂಕಿಗೆ ಎರಡು ಹಂತಗಳಿವೆ. ಜ್ವಾಲೆಯೆದ್ದು ಉರಿಯುವಾಗ ಇಂಗಾಲದ ಡೈಆಕ್ಸೈಡ್, ನೀರಾವಿ, ಸಾರಜನಕದ ಆಕ್ಸೈಡುಗಳು ಮತ್ತು ಕಪ್ಪು ಮಸಿ ಹೆಚ್ಚಾಗಿ ಹುಟ್ಟುತ್ತವೆ. ಜ್ವಾಲೆ ಅಡಗಿ ಬೂದಿಯ ಕೆಳಗೆ ಕೆಂಡವು ಹೊಗೆಯಾಡುವಾಗ, ಅಥವಾ ಹಸಿ ಸೌದೆ ಉರಿಯಲಾರದೆ ಹೊಗೆಯುವಾಗ, ಆಮ್ಲಜನಕ ಸಾಲದೆ ಇಂಗಾಲದ ಮಾನಾಕ್ಸೈಡ್, ಮೀಥೇನ್ ಹಾಗೂ ಕಂದುಬಣ್ಣದ ಸಾವಯವ ಕಣಗಳು ಹೆಚ್ಚುತ್ತವೆ. ಉರಿಗಿಂತ ಹೊಗೆ ಕೆಟ್ಟದ್ದೆಂದು ಒಲೆಯ ಮುಂದೆ ಕುಳಿತವರು ಅನುಭವದಿಂದ ಬಲ್ಲರು. ರಸಾಯನಶಾಸ್ತ್ರವೂ ಅದನ್ನೇ ಹೇಳುತ್ತದೆ.

ಹೊಗೆಯ ಘಟಕಗಳು ಮತ್ತು ಅವುಗಳ ಆಯುಸ್ಸು

ಹೊಗೆ ಎಂಬುದು ಒಂದೇ ವಸ್ತುವಲ್ಲ. ಅದರ ಒಂದೊಂದು ಘಟಕವೂ ವಾತಾವರಣದಲ್ಲಿ ಒಂದೊಂದು ಅವಧಿಯವರೆಗೆ ಇರುತ್ತದೆ. ಬಾಲಕಿಯ ಪ್ರಶ್ನೆಗೆ ಉತ್ತರದ ಮುಖ್ಯ ಭಾಗ ಇಲ್ಲಿದೆ.

ತೇಲುಕಣಗಳು. ವಿಜ್ಞಾನಿಗಳು ಇವನ್ನು ಏರೋಸಾಲ್ ಎನ್ನುತ್ತಾರೆ. ಕಪ್ಪು ಮಸಿ, ಕಂದು ಸಾವಯವ ಕಣ ಎರಡೂ ಇದರಲ್ಲಿ ಸೇರುತ್ತವೆ. ಹೊಗೆಯ ಕಣಗಳಲ್ಲಿ ಬಹುಪಾಲು 2.5 ಮೈಕ್ರಾನಿಗಿಂತ ಚಿಕ್ಕವು. ಅದು ತಲೆಗೂದಲಿನ ದಪ್ಪದ ಸುಮಾರು ಮೂವತ್ತನೆಯ ಒಂದು ಪಾಲು. ಶ್ವಾಸಕೋಶದ ಆಳಕ್ಕಿಳಿಯುವುದು ಇವೇ. ಮಳೆಯು ತೊಳೆಯುವವರೆಗೆ, ಅಂದರೆ ಕೆಲವು ದಿನಗಳಿಂದ ಒಂದೆರಡು ವಾರಗಳವರೆಗೆ ಇವು ಗಾಳಿಯಲ್ಲಿರುತ್ತವೆ. ಆ ಅವಧಿಯಲ್ಲಿ ಸಾವಿರಾರು ಕಿಲೋಮೀಟರ್ ಸಾಗಬಲ್ಲವು.

ಸಾರಜನಕದ ಆಕ್ಸೈಡುಗಳು. ನೆಲದ ಸಮೀಪದಲ್ಲಿ ಇವುಗಳ ಆಯುಸ್ಸು ಕೆಲವು ಗಂಟೆಗಳಿಂದ ಒಂದೆರಡು ದಿನ. ಬಿಸಿಲಿನಲ್ಲಿ ಇವು ಓಝೋನ್ ಹುಟ್ಟಲು ಕಾರಣವಾಗುತ್ತವೆ.

ಇಂಗಾಲದ ಮಾನಾಕ್ಸೈಡ್. ಒಂದರಿಂದ ಮೂರು ತಿಂಗಳು. ಉಪಗ್ರಹಗಳು ಕಾಡ್ಗಿಚ್ಚಿನ ಹೊಗೆಯ ಜಾಡನ್ನು ಖಂಡಾಂತರಗಳ ದೂರದವರೆಗೆ ಹಿಡಿಯುವುದು ಮುಖ್ಯವಾಗಿ ಈ ಅನಿಲದ ಮೂಲಕವೇ.

ಮೀಥೇನ್. ಸುಮಾರು ಹತ್ತು ವರ್ಷ. ತೂಕಕ್ಕೆ ತೂಕ ಹೋಲಿಸಿದರೆ ಇಂಗಾಲದ ಡೈಆಕ್ಸೈಡಿಗಿಂತ ಬಹುಪಾಲು ತೀವ್ರವಾದ ಹಸಿರುಮನೆ ಅನಿಲ.

ನೈಟ್ರಸ್ ಆಕ್ಸೈಡ್. ನೂರು ವರ್ಷಕ್ಕೂ ಮಿಗಿಲು.

ಇಂಗಾಲದ ಡೈಆಕ್ಸೈಡ್. ಇದು ತಾನಾಗಿ ಒಡೆದುಹೋಗುವುದಿಲ್ಲ. ಗಿಡಮರಗಳೂ ಸಮುದ್ರವೂ ಹೀರಿಕೊಳ್ಳಬೇಕು. ಹೀರಿಕೊಳ್ಳದೆ ಉಳಿದ ಪಾಲು ಶತಮಾನಗಟ್ಟಲೆ ಗಾಳಿಯಲ್ಲೇ ಉಳಿದು ಭೂಮಿಯ ಶಾಖವನ್ನು ತಡೆಹಿಡಿಯುತ್ತದೆ.

ಹೀಗೆ ಒಂದೇ ಬೆಂಕಿಯು ಈ ವಾರದ ಉಸಿರನ್ನೂ, ಈ ತಿಂಗಳ ಗಾಳಿಯನ್ನೂ, ಮೊಮ್ಮಕ್ಕಳ ಕಾಲದ ವಾಯುಗುಣವನ್ನೂ ಏಕಕಾಲಕ್ಕೆ ಮುಟ್ಟುತ್ತದೆ. ಕಣ್ಣಿಗೆ ಕಾಣುವ ಹೊಗೆಯು ಮಾಯವಾದ ಮಾತ್ರಕ್ಕೆ ಬೆಂಕಿಯ ಪರಿಣಾಮ ಮುಗಿಯಿತೆಂದು ಹೇಳಲಾಗದು.

ಸಾಲವೇ, ನಷ್ಟವೇ?

ಹಾಗಾದರೆ ಎಲ್ಲ ಬೆಂಕಿಯೂ ವಾಯುಗುಣಕ್ಕೆ ಸಮಾನ ಹಾನಿ ಮಾಡುತ್ತದೆಯೇ? ಇಲ್ಲ. ಸುಟ್ಟದ್ದು ಏನು, ಅದು ಮರಳಿ ಬೆಳೆಯುವುದೇ, ಬೆಳೆಯಲು ಎಷ್ಟು ಕಾಲ ಬೇಕು ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು.

ಜಗತ್ತಿನಲ್ಲಿ ಪ್ರತಿವರ್ಷ ಬೆಂಕಿಗೆ ತುತ್ತಾಗುವ ನೆಲ ಭಾರತದ ಒಟ್ಟು ವಿಸ್ತೀರ್ಣಕ್ಕಿಂತಲೂ ಹೆಚ್ಚು. ಇದರಲ್ಲಿ ದೊಡ್ಡ ಪಾಲು ಆಫ್ರಿಕದ ಹುಲ್ಲುಗಾವಲುಗಳದ್ದು. ಅಲ್ಲಿ ಸುಟ್ಟ ಹುಲ್ಲು ಮುಂದಿನ ಮಳೆಗೆ ಚಿಗುರಿ, ಗಾಳಿಗೆ ಕೊಟ್ಟ ಇಂಗಾಲವನ್ನು ಬಹುತೇಕ ಮರಳಿ ಪಡೆಯುತ್ತದೆ. ಇದು ಸುಗ್ಗಿಗೆ ತೀರುವ ಕೈಸಾಲದಂತೆ. ನೂರು ವರ್ಷದ ಮರಗಳಿರುವ ಕಾಡು ಬುಡಸಹಿತ ಸುಟ್ಟರೆ ಸಾಲ ತೀರಲು ನೂರು ವರ್ಷ ಬೇಕು. ಅಷ್ಟರಲ್ಲಿ ಮತ್ತೆ ಬೆಂಕಿ ಬಿದ್ದರೆ ಅದು ತೀರುವುದೇ ಇಲ್ಲ. ಕಾಡನ್ನು ಸುಟ್ಟು ತೋಟವನ್ನೋ ಹೊಲವನ್ನೋ ಮಾಡಿದರೆ ಸಾಲವು ನಷ್ಟವಾಗಿಬಿಡುತ್ತದೆ.

ನಷ್ಟದ ಘೋರ ಉದಾಹರಣೆ ಇಂಡೋನೇಷ್ಯ. ಅಲ್ಲಿನ ಸುಮಾತ್ರ ಮತ್ತು ಬೋರ್ನಿಯೊ ದ್ವೀಪಗಳ ಜೌಗು ಕಾಡಿನ ಕೆಳಗೆ, ಸಾವಿರಾರು ವರ್ಷ ಕೊಳೆಯದೆ ಉಳಿದ ಸಸ್ಯಾವಶೇಷಗಳ ಆಳವಾದ ಪದರವಿದೆ. ಇದಕ್ಕೆ ಪೀಟ್ ಎಂದು ಹೆಸರು. ಕಾಲುವೆ ತೋಡಿ ಜೌಗಿನ ನೀರನ್ನು ಬಸಿದಾಗ ಪೀಟ್ ಒಣಗುತ್ತದೆ. ಬೆಂಕಿ ಬಿದ್ದರೆ ನೆಲದೊಳಗೇ ವಾರಗಟ್ಟಲೆ ಹೊಗೆಯಾಡುತ್ತದೆ. 1997ರ ಎಲ್ ನಿನೊ ಬರಗಾಲದಲ್ಲಿ ಅಲ್ಲಿಂದ ಹೊರಬಿದ್ದ ಇಂಗಾಲವು ಆ ವರ್ಷ ಇಡೀ ಜಗತ್ತು ಕಲ್ಲಿದ್ದಲು, ತೈಲ, ಅನಿಲಗಳನ್ನು ಉರಿಸಿ ಹೊರಬಿಟ್ಟ ಇಂಗಾಲದ ಶೇ. 13ರಿಂದ 40ರಷ್ಟಿತ್ತೆಂದು ವಿಜ್ಞಾನಿಗಳು ಅಂದಾಜಿಸಿದರು. ಆ ಹೊಗೆಯು ಸಿಂಗಪುರ, ಮಲೇಷ್ಯಗಳನ್ನೂ ಕವಿಯಿತು. ಪರಿಣಾಮವಾಗಿ ಆಗ್ನೇಯ ಏಷ್ಯದ ದೇಶಗಳು 2002ರಲ್ಲಿ ಗಡಿದಾಟುವ ಹೊಗೆಯ ಕುರಿತೇ ಒಂದು ಒಪ್ಪಂದಕ್ಕೆ ಸಹಿ ಹಾಕಿದವು; ಹೊಗೆಯ ಮೂಲವಾದ ಇಂಡೋನೇಷ್ಯ ಅದನ್ನು ಅನುಮೋದಿಸಿದ್ದು 2014ರಲ್ಲಿ. ಮರುವರ್ಷವೇ, 2015ರ ಎಲ್ ನಿನೊ ಕಾಲದಲ್ಲಿ, ಆ ಕಾಡುಗಳು ಮತ್ತೆ ಹೊತ್ತಿದವು. ಒಪ್ಪಂದದ ಸಹಿಯೊಂದರಿಂದಲೇ ಒಣಗಿದ ಪೀಟ್ ತೇವವಾಗುವುದಿಲ್ಲ.

ಉತ್ತರದ ತಂಪು ದೇಶಗಳೂ ಇದಕ್ಕೆ ಹೊರತಲ್ಲ. 2023ರಲ್ಲಿ ಕೆನಡದಲ್ಲಿ ಸುಮಾರು ಒಂದೂವರೆ ಕೋಟಿ ಹೆಕ್ಟೇರ್ ಕಾಡು ಸುಟ್ಟಿತು. ಆ ವರ್ಷದ ಜೂನ್ ಮೊದಲ ವಾರದಲ್ಲಿ ನ್ಯೂಯಾರ್ಕ್ ನಗರದ ಆಕಾಶ ಹಗಲಿನಲ್ಲೇ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಆ ಬೆಂಕಿಯಿಂದ ಹೊರಬಿದ್ದ ಇಂಗಾಲಕ್ಕಿಂತ ಹೆಚ್ಚಿನದನ್ನು ಪಳೆಯುಳಿಕೆ ಇಂಧನಗಳಿಂದ ವರ್ಷವೊಂದರಲ್ಲಿ ಹೊರಸೂಸುವ ದೇಶಗಳು ಜಗತ್ತಿನಲ್ಲಿ ಮೂರೇ: ಚೀನ, ಅಮೆರಿಕ ಮತ್ತು ಭಾರತ.

ಇಲ್ಲಿ ಒಂದು ತಪ್ಪುಕಲ್ಪನೆಯನ್ನು ನಿವಾರಿಸಬೇಕು. ಜಗತ್ತಿನಲ್ಲಿ ಸುಡುವ ನೆಲದ ಒಟ್ಟು ವಿಸ್ತೀರ್ಣ ಕಳೆದ ಎರಡು ದಶಕಗಳಲ್ಲಿ ಹೆಚ್ಚಿಲ್ಲ, ಕಡಿಮೆಯಾಗಿದೆ. ಆಫ್ರಿಕದ ಹುಲ್ಲುಗಾವಲುಗಳು ಹೊಲಗಳಾಗಿ ಮಾರ್ಪಟ್ಟದ್ದು ಇದಕ್ಕೆ ಮುಖ್ಯ ಕಾರಣ. ಆದರೆ ಬೇಗ ತೀರುವ ಸಾಲದ ಬೆಂಕಿ ತಗ್ಗಿ, ತೀರದ ಸಾಲದ ಬೆಂಕಿ, ಅಂದರೆ ಉತ್ತರದ ದಟ್ಟ ಕಾಡುಗಳ ಬೆಂಕಿ ಹೆಚ್ಚುತ್ತಿದೆ. ಆದ್ದರಿಂದ ಸುಟ್ಟ ಎಕರೆಗಳ ಲೆಕ್ಕವೊಂದನ್ನೇ ನೋಡಿ ಸಮಾಧಾನಪಡುವಂತಿಲ್ಲ.

ಬಿಸಿಲು, ಮೋಡ ಮತ್ತು ಮಳೆ

ಹೊಗೆಯ ಕಣಗಳು ಬಿಸಿಲಿನೊಡನೆ ಎರಡು ರೀತಿಯಲ್ಲಿ ವರ್ತಿಸುತ್ತವೆ. ತಿಳಿಬಣ್ಣದ ಸಾವಯವ ಕಣಗಳು ಬಿಸಿಲನ್ನು ಚದುರಿಸಿ ಒಂದಂಶವನ್ನು ಆಕಾಶಕ್ಕೆ ಮರಳಿಸುತ್ತವೆ. ಇದರಿಂದ ನೆಲ ತಂಪಾಗುತ್ತದೆ. ಕಪ್ಪು ಮಸಿಯು ಬಿಸಿಲನ್ನು ಹೀರಿ ತನ್ನ ಸುತ್ತಲಿನ ಗಾಳಿಯನ್ನೇ ಕಾಯಿಸುತ್ತದೆ. ಅಡುಗೆಮನೆಯ ಮಾಡಿನಿಂದ ಜೋತುಬೀಳುವ ಇಲ್ಲಣವನ್ನು ಕಂಡವರಿಗೆ ಆ ಕಪ್ಪಿನ ಪರಿಚಯವಿದೆ. ಆ ಕಣವೇ ಗಾಳಿಯಲ್ಲಿ ತೇಲುತ್ತ ಬಿಸಿಲು ಕುಡಿಯುತ್ತದೆ.

ಇದರ ಫಲವಾಗಿ ಕೆಳಗಿನ ನೆಲ ತಂಪಾಗಿ, ಮೇಲಿನ ಗಾಳಿ ಬಿಸಿಯಾಗುತ್ತದೆ. ಸಾಮಾನ್ಯವಾಗಿ ನೆಲ ಕಾದು, ಗಾಳಿ ಮೇಲೇರಿ, ಮೋಡ ಕಟ್ಟಬೇಕು. ಮೇಲೆ ಬಿಸಿ ಗಾಳಿಯ ಮುಚ್ಚಳ ಬಿದ್ದಾಗ ಕೆಳಗಿನ ಗಾಳಿ ಮೇಲೇರಲು ಪ್ರಯಾಸಪಡುತ್ತದೆ. ಜೊತೆಗೆ ಮೋಡದ ಹನಿಗಳು ಹುಟ್ಟುವುದು ತೇಲುಕಣಗಳನ್ನು ಆಶ್ರಯಿಸಿಯೇ. ಕಣಗಳು ಅತಿಯಾದರೆ ಇದ್ದ ನೀರಾವಿ ಅಸಂಖ್ಯ ಸಣ್ಣ ಹನಿಗಳಾಗಿ ಹಂಚಿಹೋಗುತ್ತದೆ. ಸಣ್ಣ ಹನಿಗಳು ಒಂದಕ್ಕೊಂದು ಕೂಡಿ ಭಾರವಾಗಿ ಬೀಳಲು ತಡವಾಗುತ್ತದೆ. ಅಮೆಜಾನ್ ಪ್ರದೇಶದಲ್ಲಿ ಕಾಡು ಸುಡುವ ತಿಂಗಳುಗಳ ಮೋಡಗಳನ್ನು ವಿಮಾನಗಳಿಂದ ಅಳೆದ ವಿಜ್ಞಾನಿಗಳು ಇದನ್ನು ಪ್ರತ್ಯಕ್ಷವಾಗಿ ಕಂಡಿದ್ದಾರೆ. ಮಸಿಯು ಹಿಮಾಲಯದ ಹಿಮದ ಮೇಲೆ ಕುಳಿತರೆ ಹಿಮವು ಹೆಚ್ಚು ಬಿಸಿಲು ಹೀರಿ ಬೇಗ ಕರಗುತ್ತದೆ.

ನಮ್ಮ ಆಕಾಶದ ಮಸಿ ಯಾವುದರದು?

1999ರ ಜನವರಿಯಿಂದ ಮಾರ್ಚ್‌ವರೆಗೆ ಹಿಂದೂ ಮಹಾಸಾಗರದ ಮೇಲೆ ಅನೇಕ ದೇಶಗಳ ವಿಜ್ಞಾನಿಗಳು ಕೂಡಿ ಇಂಡೋಎಕ್ಸ್ ಎಂಬ ದೊಡ್ಡ ಅಧ್ಯಯನ ನಡೆಸಿದರು. ವಿ. ರಾಮನಾಥನ್ ಮತ್ತು ಪಾಲ್ ಕ್ರುಟ್ಜನ್ ಅದರ ಮುಂದಾಳುಗಳು. ರಾಮನಾಥನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಕ್ರುಟ್ಜನ್ ಓಝೋನ್ ಕುರಿತ ಸಂಶೋಧನೆಗಾಗಿ 1995ರ ನೊಬೆಲ್ ಪ್ರಶಸ್ತಿ ಪಡೆದವರಲ್ಲೊಬ್ಬರು. ಚಳಿಗಾಲದಲ್ಲಿ ದಕ್ಷಿಣ ಏಷ್ಯದಿಂದ ಸಮುದ್ರದ ಕಡೆಗೆ ಹರಿಯುವ ಕಂದು ಮುಸುಕೊಂದು ಸುಮಾರು 3 ಕಿಲೋಮೀಟರ್ ಎತ್ತರದವರೆಗೆ ಹಬ್ಬಿರುವುದನ್ನು ಈ ಅಧ್ಯಯನ ತೋರಿಸಿತು.

ಆ ಮುಸುಕಿನ ಮಸಿ ವಾಹನ ಹಾಗೂ ಕಾರ್ಖಾನೆಗಳದ್ದೋ, ಸೌದೆ ಮತ್ತು ಬೆಳೆ ಉಳಿಕೆಗಳದ್ದೋ ಎಂಬ ಪ್ರಶ್ನೆ ಉಳಿಯಿತು. ಉತ್ತರ ಕಂಡುಹಿಡಿದ ಬಗೆ ಪ್ರೌಢಶಾಲೆಯ ಮಕ್ಕಳಿಗೂ ಅರ್ಥವಾಗುವಂತಹದು. ಜೀವಂತ ಗಿಡದಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಗಿಡ ಸತ್ತ ಮೇಲೆ ಅದು ಸುಮಾರು 5,730 ವರ್ಷಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಕೋಟ್ಯಂತರ ವರ್ಷ ಹಳೆಯದಾದ ಕಲ್ಲಿದ್ದಲು, ಡೀಸೆಲ್‌ಗಳಲ್ಲಿ ಅದು ಉಳಿದೇ ಇರುವುದಿಲ್ಲ. ಹಾಗಾಗಿ ಮಸಿಯಲ್ಲಿ ಇಂಗಾಲ-14 ಇದ್ದರೆ ಅದು ಇತ್ತೀಚಿನ ಗಿಡದ್ದು. ಇಲ್ಲದಿದ್ದರೆ ಭೂಗರ್ಭದ ಇಂಧನದ್ದು. ಪುಣೆಯ ಸಮೀಪದ ಸಿಂಹಗಡದಲ್ಲಿ ಹಾಗೂ ಮಾಲ್ದೀವ್ಸ್‌ನ ಹನಿಮಾಧೂ ದ್ವೀಪದಲ್ಲಿ ಚಳಿಗಾಲದ ಗಾಳಿಯನ್ನು ಸೋಸಿ ಹಿಡಿದ ಕಣಗಳ ಪರೀಕ್ಷೆಯ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಕಪ್ಪು ಇಂಗಾಲದಲ್ಲಿ ಅರ್ಧದಿಂದ ಮೂರನೆಯ ಎರಡರಷ್ಟು ಪಾಲು ಜೈವಿಕ ರಾಶಿಯ ದಹನದ್ದಾಗಿತ್ತು. ಒಲೆಯೂ ಹೊಲದ ಬೆಂಕಿಯೂ ಒಂದೊಂದಾಗಿ ಸಣ್ಣವಾಗಿ ಕಂಡರೂ, ಒಟ್ಟುಗೂಡಿ ಇಡೀ ಸಮುದ್ರದ ಮೇಲಿನ ಆಕಾಶವನ್ನು ಕಂದಾಗಿಸಬಲ್ಲವೆಂಬುದಕ್ಕೆ ಇದು ಸಾಕ್ಷಿ.

ಕೆಳಗಿನ ಓಝೋನ್, ಮೇಲಿನ ಓಝೋನ್

ಓಝೋನ್ ನಮ್ಮ ರಕ್ಷಕ ಎಂದು ಮಕ್ಕಳು ಓದುತ್ತಾರೆ. ಅದು ಸಮೋಷ್ಣ ಮಂಡಲದಲ್ಲಿ, ಅಂದರೆ ನಮ್ಮ ತಲೆಯ ಮೇಲೆ 15ರಿಂದ 35 ಕಿಲೋಮೀಟರ್ ಎತ್ತರದಲ್ಲಿ ಇರುವಾಗ ಸತ್ಯ. ನಾವು ಉಸಿರಾಡುವ ಗಾಳಿಯಲ್ಲಿ ಅದೇ ಓಝೋನ್ ಶ್ವಾಸಕೋಶವನ್ನು ಕೆರಳಿಸುತ್ತದೆ, ಬೆಳೆಗಳ ಎಲೆಗಳನ್ನು ಘಾಸಿಗೊಳಿಸಿ ಇಳುವರಿಯನ್ನು ತಗ್ಗಿಸುತ್ತದೆ. ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳು, ಇಂಗಾಲದ ಮಾನಾಕ್ಸೈಡ್ ಮತ್ತು ಆವಿಯಾಗುವ ಸಾವಯವ ಅನಿಲಗಳು ಬಿಸಿಲಿನಲ್ಲಿ ವರ್ತಿಸಿ ಈ ಕೆಳಗಿನ ಓಝೋನನ್ನು ಹುಟ್ಟಿಸುತ್ತವೆ.

ಬೆಂಕಿಯು ಮೇಲಿನ ಓಝೋನನ್ನೂ ಮುಟ್ಟಬಲ್ಲದೆಂದು ಜಗತ್ತಿಗೆ ತೋರಿಸಿದ್ದು ಆಸ್ಟ್ರೇಲಿಯದ 2019-20ರ ಬೇಸಿಗೆ. ಅತಿ ತೀವ್ರವಾದ ಕಾಡ್ಗಿಚ್ಚು ತನ್ನ ಶಾಖದಿಂದಲೇ ಗುಡುಗುಮೋಡವನ್ನು ಕಟ್ಟುತ್ತದೆ. ಆ ಬೆಂಕಿಮೋಡವು ಚಿಮಣಿಯಂತೆ ಹೊಗೆಯನ್ನು ಪರಿವರ್ತನ ಮಂಡಲದಾಚೆಗೆ ದೂಡುತ್ತದೆ. 2020ರ ಹೊಸವರ್ಷದ ಆಸುಪಾಸಿನಲ್ಲಿ ಹಾಗೆ ಮೇಲೇರಿದ ಹೊಗೆಯ ಒಂದು ಭಾಗವು, ತನ್ನ ಮಸಿ ಹೀರಿದ ಬಿಸಿಲಿನಿಂದಲೇ ಕಾದು ಮತ್ತೂ ಮೇಲೇರಿ, 30 ಕಿಲೋಮೀಟರಿಗೂ ಮಿಗಿಲಾದ ಎತ್ತರ ತಲುಪಿ ದಕ್ಷಿಣಾರ್ಧಗೋಳವನ್ನು ಸುತ್ತಿತು. ಅಷ್ಟು ಎತ್ತರದಲ್ಲಿ ತೊಳೆಯಲು ಮಳೆಯಿಲ್ಲ; ಕಣಗಳು ತಿಂಗಳುಗಟ್ಟಲೆ ಉಳಿದವು. ಅವುಗಳ ಮೇಲ್ಮೈಯಲ್ಲಿ ನಡೆದ ಕ್ಲೋರಿನ್ ರಸಾಯನ ಕ್ರಿಯೆಗಳಿಂದ ಓಝೋನ್ ಸವೆಯಿತೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ವಿವರಿಸಿತು. ಆ ಒಂದು ಋತುವಿನ ಬೆಂಕಿಯಿಂದ ಸುಮಾರು 70 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹೊರಬಿದ್ದಿತ್ತು. ಅದೇ ಹೊಗೆಯಲ್ಲಿದ್ದ ಕಬ್ಬಿಣದ ಅಂಶ ದಕ್ಷಿಣ ಸಾಗರಕ್ಕೆ ಬಿದ್ದು ಸಾವಿರಾರು ಕಿಲೋಮೀಟರ್ ದೂರದಲ್ಲಿ ಸೂಕ್ಷ್ಮ ಪಾಚಿಗಳು ಹುಲುಸಾಗಿ ಬೆಳೆದು, ಒಂದಷ್ಟು ಇಂಗಾಲವನ್ನು ಮರಳಿ ಹೀರಿದವು. ಬೆಂಕಿಯ ಜಮಾಖರ್ಚು ಇಷ್ಟು ದೂರದವರೆಗೆ ಹರಡಿರುತ್ತದೆ.

ಬಿಸಿಯೇರುವ ಭೂಮಿ, ಬೆಳೆಯುವ ಬೆಂಕಿ

1850-1900ರ ಸರಾಸರಿಗೆ ಹೋಲಿಸಿದರೆ 2011-2020ರ ದಶಕದಲ್ಲಿ ಭೂಮಿಯ ತಾಪಮಾನ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿತ್ತು. ಗಾಳಿ 1 ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಮಳೆಗಾಲದಲ್ಲಿ ಇದು ಬಿರುಮಳೆಯಾಗಿ ಸುರಿಯುತ್ತದೆ. ಬೇಸಿಗೆಯಲ್ಲಿ ಬಾಯಾರಿದ ಗಾಳಿಯು ಎಲೆ, ಹುಲ್ಲು, ಮಣ್ಣುಗಳಿಂದ ತೇವವನ್ನು ಹೀರುತ್ತದೆ. ಒಣಗಿದ ಕಾಡು ಬೇಗ ಹೊತ್ತಿ, ದೀರ್ಘಕಾಲ ಉರಿದು, ಇನ್ನಷ್ಟು ಇಂಗಾಲವನ್ನು ಗಾಳಿಗೆ ಕೊಡುತ್ತದೆ. ಅದರಿಂದ ಭೂಮಿ ಮತ್ತಷ್ಟು ಬಿಸಿಯಾಗುತ್ತದೆ. ಈ ಚಕ್ರಕ್ಕೆ ಮೊದಲ ದೂಡು ಕೊಟ್ಟದ್ದು ಕಾಡಲ್ಲ. ಕಲ್ಲಿದ್ದಲು ಮತ್ತು ತೈಲಗಳ ಅತಿಬಳಕೆ. ಕಾಡಂಚಿನ ಬಡವರನ್ನು ವಾಯುಗುಣ ಬದಲಾವಣೆಯ ಅಪರಾಧಿಗಳೆಂಬಂತೆ ಬಿಂಬಿಸುವವರು ಇದನ್ನು ಮರೆಯಬಾರದು.

ನಮ್ಮ ಕಾಡಂಚಿನಲ್ಲಿ

ಬಂಡೀಪುರ, ನಾಗರಹೊಳೆ, ಮುದುಮಲೆ, ವಯನಾಡು ಎಂಬ ಹೆಸರುಗಳು ಮೂರು ರಾಜ್ಯಗಳ ಕಡತಗಳಲ್ಲಿ ಬೇರೆ ಬೇರೆ. ನೆಲದ ಮೇಲೆ ಅದು ಒಂದೇ ಕಾಡು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಆಸುಪಾಸಿನಲ್ಲಿ ಎದ್ದ ಬೆಂಕಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡನ್ನು ಸುಟ್ಟಿತು. ನಂದಿಸಲು ವಾಯುಪಡೆಯ ಹೆಲಿಕಾಪ್ಟರುಗಳು ಬರಬೇಕಾಯಿತು. 2023ರ ಮಾರ್ಚ್‌ನಲ್ಲಿ ಗೋವೆಯ ಮಹದಾಯಿ ಅಭಯಾರಣ್ಯದಲ್ಲಿಯೂ ಬೆಂಕಿ ಹಬ್ಬಿತು.

ನಮ್ಮ ಈ ಕಾಡುಗಳ ಬೆಂಕಿ ಬಹುಪಾಲು ನೆಲಬೆಂಕಿ. ಎಲೆಹಾಸು ಮತ್ತು ಪೊದೆಗಳನ್ನು ಸುಡುತ್ತದೆ, ದೊಡ್ಡ ಮರಗಳು ಸಾಮಾನ್ಯವಾಗಿ ಉಳಿಯುತ್ತವೆ. ಇಂಗಾಲದ ಸಾಲದ ಲೆಕ್ಕದಲ್ಲಿ ಇದು ಇಂಡೋನೇಷ್ಯದ ಪೀಟ್ ಬೆಂಕಿಯಂತಲ್ಲ. ಆದರೆ ವರ್ಷವರ್ಷವೂ ಮರುಕಳಿಸಿದರೆ ಸಸಿಗಳು ಮರವಾಗಲು ಅವಕಾಶ ಸಿಗದೆ ಕಾಡು ಮುದಿಯಾಗುತ್ತದೆ. ಸಾಲ ತೀರಿಸಬೇಕಾದ ಹೊಸ ತಲೆಮಾರೇ ಇಲ್ಲವಾಗುತ್ತದೆ.

ಇಲ್ಲಿ ನಮ್ಮದೇ ಭಾಷೆಯ ಒಂದು ಪದ ಬೆಲೆಯುಳ್ಳದ್ದು: ತರಗು ಬೆಂಕಿ. ಬಿಳಿಗಿರಿರಂಗನ ಬೆಟ್ಟ ಮತ್ತು ಅದಕ್ಕೆ ತಾಗಿರುವ ತಾಳವಾಡಿ ಸೀಮೆಯ ಸೋಲಿಗರು ಬೇಸಿಗೆ ಬಲಿಯುವ ಮುನ್ನವೇ, ನೆಲದಲ್ಲಿ ಇನ್ನೂ ತೇವವಿರುವಾಗ, ತೆಳುವಾದ ತರಗಿಗೆ ಬೆಂಕಿ ಇಡುತ್ತಿದ್ದರು. ಅದು ತಗ್ಗಾಗಿ ಉರಿದು ಬೇಗ ಆರುತ್ತಿತ್ತು. ಬೇಸಿಗೆಯ ದೊಡ್ಡ ಬೆಂಕಿಗೆ ಮೇವು ಉಳಿಯುತ್ತಿರಲಿಲ್ಲ. 1972ರ ವನ್ಯಜೀವಿ ಕಾಯಿದೆಯ ನಂತರ ಅಭಯಾರಣ್ಯಗಳಲ್ಲಿ ಈ ರೂಢಿ ನಿಂತಿತು. ಆ ಬಳಿಕ ಲಂಟಾನ ಪೊದೆ ಕಾಡನ್ನು ಆವರಿಸಿತೆಂದೂ, ನೆಲ್ಲಿಮರಗಳ ಮೇಲೆ ಬಂದಳಿಕೆ ಹೆಚ್ಚಿತೆಂದೂ ಸೋಲಿಗರು ಹೇಳುತ್ತಾರೆ. ಪರಿಸರ ವಿಜ್ಞಾನಿಗಳು ಅವರ ಈ ತಿಳಿವಳಿಕೆಯನ್ನು ಗಂಭೀರವಾಗಿ ಅಧ್ಯಯನ ಮಾಡಿದ್ದಾರೆ. ಒಣಗಿದ ಲಂಟಾನ ಆಳೆತ್ತರದ ಸೌದೆ ರಾಶಿಯಂತೆ. ಅದರ ಜ್ವಾಲೆ ಮರದ ಕೊಂಬೆಗೂ ತಾಗುತ್ತದೆ. ಹಾಗೆಂದು ಇಂದು ಯಾರು ಬೇಕಾದರೂ ಕಾಡಿಗೆ ಕಿಡಿ ಹಾಕಬಹುದೆಂದು ಇದರರ್ಥವಲ್ಲ. ಅದು ಕಾನೂನುಬಾಹಿರ, ಅಪಾಯಕಾರಿಯೂ ಹೌದು. ಬೆಂಕಿಯನ್ನು ಬಲ್ಲವರನ್ನು ದೂರವಿಟ್ಟು ಬೆಂಕಿಯನ್ನು ತಡೆಯುವುದು ಕಷ್ಟ ಎಂಬಷ್ಟೇ ಇದರ ಪಾಠ.

ಹೊಲ ಮತ್ತು ಒಲೆ

ಹೊಲದಲ್ಲಿ ರವದಿ ಸುಟ್ಟರೆ ಬೂದಿ ಗೊಬ್ಬರವಾಗುತ್ತದೆಂಬ ನಂಬಿಕೆ ಅರ್ಧ ಸತ್ಯ. ಬೂದಿಯಲ್ಲಿ ಪೊಟ್ಯಾಶ್ ಉಳಿಯುತ್ತದೆ. ಆದರೆ ಸಾರಜನಕ ಮತ್ತು ಗಂಧಕದ ಬಹುಭಾಗ ಹೊಗೆಯೊಡನೆ ಗಾಳಿಗೆ ಹೋಗುತ್ತದೆ, ಮಣ್ಣಿಗೆ ಸೇರಬೇಕಾದ ಸಾವಯವ ಅಂಶ ಸಂಪೂರ್ಣ ನಷ್ಟವಾಗುತ್ತದೆ. ರವದಿಯನ್ನು ಸಾಲುಗಳ ನಡುವೆ ಹೊದಿಕೆಯಾಗಿ ಹರಡಿದರೆ ಕಳೆ ತಗ್ಗುತ್ತದೆ, ತೇವ ಉಳಿಯುತ್ತದೆ, ಕ್ರಮೇಣ ಅದೇ ಗೊಬ್ಬರವಾಗುತ್ತದೆ. ನೀರಿನ ಅಭಾವವುಳ್ಳ ನಮ್ಮ ಸೀಮೆಗಳಿಗೆ ತೇವದ ಉಳಿತಾಯವೇ ದೊಡ್ಡ ಲಾಭ.

ಸೌದೆ ಒಲೆಯ ವಿಷಯದಲ್ಲಿ ತಾಯಂದಿರ ಮೇಲೆ ಆರೋಪ ಹೊರಿಸುವುದು ನಮ್ಮ ಉದ್ದೇಶವಲ್ಲ; ಆ ಹೊಗೆಯ ಮೊದಲ ಪಾಲು ಉಣ್ಣುವವರೇ ಅವರು, ಅವರ ಮಡಿಲಲ್ಲಿರುವ ಮಕ್ಕಳು. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಅನೇಕ ಮನೆಗಳಿಗೆ ಗ್ಯಾಸ್ ಸಿಲಿಂಡರ್ ಬಂದಿದೆ. ಮರುಪೂರಣದ ಖರ್ಚು ಭರಿಸಲಾಗದ ಮನೆಗಳಲ್ಲಿ ಸೌದೆಯೂ ಉಳಿದಿದೆ. ಗ್ಯಾಸ್ ಕೂಡ ಭೂಗರ್ಭದ ಇಂಧನವೇ. ಆದರೆ ಅದು ಬಹುತೇಕ ಪೂರ್ತಿಯಾಗಿ ಉರಿಯುವುದರಿಂದ ಮಸಿಯೂ ಮೀಥೇನೂ ಹುಟ್ಟುವುದಿಲ್ಲವೆನ್ನುವಷ್ಟು ಕಡಿಮೆ. ಮನೆಯವರ ಉಸಿರಿಗೆ ಅದು ನಿಸ್ಸಂಶಯವಾಗಿ ಒಳ್ಳೆಯದು. ಸೌದೆಯನ್ನೇ ಬಳಸಬೇಕಾದಲ್ಲಿ ಒಣಸೌದೆಯನ್ನು ಸಣ್ಣಗೆ ಸೀಳಿ ಬಳಸುವುದು, ಹೊಗೆಕೊಳವೆಯುಳ್ಳ ಒಲೆ ಕಟ್ಟಿಸುವುದು ಉಪಯುಕ್ತ. ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಅಸ್ತ್ರ ಒಲೆಯು ಇದೇ ತತ್ತ್ವದ್ದು. ಕರ್ನಾಟಕದ ಹಳ್ಳಿಗಳ ಹಿರಿಯರಿಗೆ ಅದರ ಪರಿಚಯವಿದೆ.

ಮಕ್ಕಳು ಮತ್ತು ಪೋಷಕರಿಗೆ

ಫೆಬ್ರವರಿಯಿಂದ ಮೇ ತಿಂಗಳವರೆಗೆ ಕಾಡಿನ ದಾರಿಯಲ್ಲಿ ಬೀಡಿ, ಬೆಂಕಿಕಡ್ಡಿ ಎಸೆಯದಂತೆ ಹಿರಿಯರಿಗೆ ನೆನಪಿಸುವುದು ಮಕ್ಕಳಿಂದ ಸಾಧ್ಯ. ಶಾಲೆಯ ಅಂಗಳದ ಕಸವನ್ನು ಸುಡುವ ಬದಲು ಗುಂಡಿಯಲ್ಲಿ ಗೊಬ್ಬರವಾಗಿಸುವುದು ಶಿಕ್ಷಕರಾದ ನಮ್ಮ ಕರ್ತವ್ಯ. ಹಲವು ವರ್ಷ ಅದನ್ನು ಸುಡಿಸಿದವರೂ ನಾವೇ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಉಪಗ್ರಹಗಳ ನೆರವಿನಿಂದ ಬೆಂಕಿಯನ್ನು ಗುರುತಿಸಿ, ನೋಂದಾಯಿಸಿಕೊಂಡವರ ಮೊಬೈಲಿಗೆ ಎಚ್ಚರಿಕೆ ಕಳುಹಿಸುತ್ತದೆ. ಕಾಡಂಚಿನ ಶಾಲೆಗಳು ಇದರ ಪ್ರಯೋಜನ ಪಡೆಯಬಹುದು. ಹೊಗೆ ದಟ್ಟವಾಗಿರುವ ದಿನ ಮಕ್ಕಳನ್ನು ಬಯಲಾಟಕ್ಕೆ ಬಿಡದಿರುವುದು ಒಳಿತು.

ಇನ್ನೊಂದು ಬೇಡಿಕೆಯೂ ಇದೆ. ನಮ್ಮ ಶಾಲೆಯೊಂದರ ಸಮೀಪದ ಕಾಡಂಚಿನಲ್ಲಿ ಬೆಂಕಿಯ ಎಚ್ಚರಿಕೆಯ ಫಲಕವಿದೆ. ಅದರ ಮೇಲೆ ಆ ರಾಜ್ಯದ ಭಾಷೆಯೂ ಇಂಗ್ಲಿಷೂ ಇವೆ, ಕನ್ನಡವಿಲ್ಲ. ಪ್ರತಿದಿನ ಆ ದಾರಿಯಲ್ಲಿ ಸೌದೆಗೆ ಹೋಗುವ ಅಜ್ಜಿಯರಿಗೆ ಓದಲು ಬರುವುದು ಕನ್ನಡವೊಂದೇ. ಕೊನೆಗೆ ಮಕ್ಕಳೇ ಅದನ್ನು ಓದಿ ಅವರಿಗೆ ಅರ್ಥ ಹೇಳಿದರು. ಕಾಡನ್ನು ಕಾಯುವ ಮಾತು ಕಾಡಂಚಿನವರ ಭಾಷೆಯಲ್ಲಿರಬೇಕೆಂದು ಕೇಳುವುದು ಯಾವ ರಾಜ್ಯಕ್ಕೂ ವಿರೋಧವಲ್ಲ. ಫಲಕದಲ್ಲಿ ಕನ್ನಡದ ಒಂದು ಸಾಲು ಸೇರಿಸಬೇಕೆಂದು ನಾವು ಮನವಿ ಸಲ್ಲಿಸಿದ್ದೇವೆ. ನಿಮ್ಮ ಊರುಗಳಲ್ಲಿಯೂ ಪೋಷಕರ ಸಭೆಯು ಇಂತಹ ಮನವಿಯನ್ನು ಮುಂದಿನ ಬೇಸಿಗೆಗೆ ಮುನ್ನವೇ ಸಲ್ಲಿಸಲಿ.

ಹೊಗೆ ಎಲ್ಲಿಗೆ ಹೋಯಿತೆಂದು ಕೇಳಿದ ಬಾಲಕಿಗೆ ಈಗ ಹೀಗೆ ಹೇಳಬಹುದು: ಒಂದು ಪಾಲು ನಿನ್ನ ಉಸಿರಿಗೆ, ಒಂದು ಪಾಲು ಸಮುದ್ರದ ಮೇಲಿನ ಮೋಡಕ್ಕೆ, ಒಂದು ಪಾಲು ಮಳೆಯೊಡನೆ ನೆಲಕ್ಕೆ ಹೋಯಿತು. ಉಳಿದ ಪಾಲು ಇನ್ನೂ ಗಾಳಿಯಲ್ಲೇ ಇದೆ. ಅದೇ ಗುಡ್ಡದಲ್ಲಿ ಮತ್ತೆ ಮರಗಳು ಬೆಳೆದರೆ ಅದರಲ್ಲಿ ಒಂದಂಶವನ್ನು ಅವು ಹಿಂದಕ್ಕೆ ಕರೆದುಕೊಳ್ಳುತ್ತವೆ. ಅದಕ್ಕಾಗಿ ಮುಂದಿನ ಬೇಸಿಗೆಗಳಲ್ಲಿ ಆ ಗುಡ್ಡಕ್ಕೆ ಬೆಂಕಿ ಬೀಳದಂತೆ ನಾವೆಲ್ಲರೂ ಕಾಯಬೇಕು.